ದಾಕ್ಷಿಣ್ಯಕ್ಕೆ ಕೊಟ್ಟ ಕುತ್ತಿಗೆ

ದಾಕ್ಷಿಣ್ಯವನ್ನು ಸದ್ಗುಣ ಎಂದು ಮೊದಲು ಯಾರು ಹೇಳಿದರೋ ತಿಳಿಯದು. ನನ್ನ ಪ್ರಕಾರ ಅದೊಂದು ಕಾಯಿಲೆ. ವಂಶದಲ್ಲಿ ಹರಿದು ಬರುತ್ತದೆ, ಔಷಧಿ ಇಲ್ಲ, ಬಂದವನಿಗೆ ತನಗೆ ಬಂದಿದೆ ಎಂಬುದೂ ಗೊತ್ತಾಗುವುದಿಲ್ಲ. ನಮ್ಮ ತಂದೆಯವರು ಮದುವೆ ಊಟದಲ್ಲಿ ಬಡಿಸುವವರ ಮನಸ್ಸಿಗೆ ನೋವಾಗಬಾರದೆಂದು ಎಲೆಗೆ ಕೈ ಅಡ್ಡ ಹಿಡಿಯದೆ ಹಾಕಿದ್ದನ್ನೆಲ್ಲ ತಿಂದು, ಮನೆಗೆ ಬಂದು ಗಂಜಿಯ ಮೇಲೆ ದಿನ ತಳ್ಳುತ್ತಿದ್ದರು. ನಾನು ಅವರಿಗಿಂತ ಒಂದು ಕೈ ಮೇಲು. ಹರಿಹರದಿಂದ ದಾವಣಗೆರೆಗೆ ದಿನಾ ಬಸ್ಸಿನಲ್ಲಿ ಓಡಾಡುವವನು ನಾನು. ಪಕ್ಕದಲ್ಲಿ ಕೂತವರು ನನ್ನ ಹೆಗಲ ಮೇಲೆ ತಲೆಯಿಟ್ಟು ನಿದ್ದೆ ಹೋದರೆ, ಪಾಪ ಎಬ್ಬಿಸುವುದು ಹೇಗೆಂದು ನನ್ನ ಸ್ಟಾಪನ್ನು ಬಿಟ್ಟು, ಅವರು ಎದ್ದ ಕಡೆ ಇಳಿದು ನಡೆದು ಬಂದದ್ದೂ ಉಂಟು. ‘ದಾಕ್ಷಿಣ್ಯಕ್ಕೆ ಬಸಿರಾದರೆ ಹೆರೋಕೆ ಜಾಗ ಇಲ್ಲ’ ಎಂಬ ಗಾದೆಯನ್ನು ನನ್ನ ಹೆಂಡತಿ ಶಾರದಾ ಆಗಾಗ ನನ್ನ ಮೇಲೆ ಪ್ರಯೋಗಿಸುತ್ತಾಳೆ. ದೇವರ ದಯೆಯಿಂದ ನಾನು ಬಸಿರಾಗಲಿಲ್ಲ. ಕುತ್ತಿಗೆ ಕೊಟ್ಟೆ ಅಷ್ಟೆ.

ದಾವಣಗೆರೆಯ ಸರಸ್ವತಿ ನಗರದ ಕಡೆ ಒಂದು ಸ್ಕ್ಯಾನಿಂಗ್ ಸೆಂಟರಿನಲ್ಲಿ ನನ್ನ ಕೆಲಸ. ಡಾಕ್ಟರು ಹೇಳಿದ್ದನ್ನು ರಿಪೋರ್ಟ್ ಎಂದು ಟೈಪ್ ಮಾಡಿ, ಪ್ರಿಂಟ್ ತೆಗೆದು, ಕವರಿಗೆ ಹಾಕಿ ಕೊಡುವುದು. ಇದು ಸಂಬಳದ ಕೆಲಸ. ಸಂಬಳವಿಲ್ಲದ ಕೆಲಸ ಇನ್ನೊಂದಿದೆ. ಕವರು ಕೈಗೆ ಸಿಕ್ಕ ಕೂಡಲೇ ಜನ ಅದನ್ನು ಒಡೆದು, ಇಂಗ್ಲಿಷನ್ನು ಒಂದು ಕ್ಷಣ ದಿಟ್ಟಿಸಿ, ಆಮೇಲೆ ನನ್ನ ಮುಖ ನೋಡುತ್ತಾರೆ. “ಏನಾಗಲ್ಲ ಹೋಗ್ರಿ” ಎಂದು ನಾನು ಹೇಳಬೇಕು. ಕಿಡ್ನಿಯ ಕಲ್ಲಿಗೂ ಏನಾಗಲ್ಲ, ಲಿವರಿನ ಕೊಬ್ಬಿಗೂ ಏನಾಗಲ್ಲ. ಹೇಳಲು ನನಗೆ ಅಧಿಕಾರವಿಲ್ಲ, ವಿದ್ಯೆಯೂ ಇಲ್ಲ. ಆದರೆ ಆವರಗೆರೆಯಿಂದ ನಡೆದುಕೊಂಡೇ ಬಂದ ಅಜ್ಜಿಯೊಬ್ಬಳು ಕೌಂಟರಿನ ಕಟ್ಟೆ ಹಿಡಿದು ನಿಂತು ಮುಖ ನೋಡಿದರೆ, ‘ನನಗೆ ಗೊತ್ತಿಲ್ಲ’ ಎನ್ನಲು ಎಂಥ ಎದೆ ಬೇಕು ಹೇಳಿ. ನಮ್ಮ ಸೆಂಟರಿನ ಸಿಸ್ಟರ್ ನಸೀಮಾ ಇದನ್ನು ಕೇಳಿಸಿಕೊಂಡು, “ಡಾಕ್ಟರ್ ಒಳಗೆ ಸುಮ್ನೆ ಕುಂತಾರೆ, ರಾಜಣ್ಣಾರು ಹೊರಗೆ ವಾಸಿ ಮಾಡ್ತಾರೆ” ಎಂದು ನಗುತ್ತಾಳೆ.

ಡಾಕ್ಟರ ಬಗ್ಗೆ ಒಂದು ಮಾತು. ಅರವತ್ತು ದಾಟಿದವರು, ಮುಂಗೋಪಿ, ಕಣ್ಣು ಮಾತ್ರ ಗಿಡುಗನದು. ಬೇರೆಯವರಿಗೆ ಮೋಡ ಮುಚ್ಚಿದ ಆಕಾಶದಂತೆ ಕಾಣುವ ಆ ಅಲ್ಟ್ರಾಸೌಂಡ್ ಪರದೆಯಲ್ಲಿ ಅವರು ಪಿತ್ತಕೋಶದ ಮರಳನ್ನು ಕೂಡ ಗುರುತಿಸುತ್ತಾರೆ. ಹೊಸದಾಗಿ ಕಲಿತು ಬಂದ ಡಾಕ್ಟರುಗಳು ಅನುಮಾನ ಬಂದರೆ ಇವರಿಗೇ ಫೋನ್ ಮಾಡುವುದು. ಅಂಥವರ ಕೋಣೆಗೆ ಒಂದು ದಿನ, ಅವರ ಮಗನ ಒತ್ತಾಯದಿಂದ, ಹೊಸ ಮಷಿನ್ನು ಬಂತು. ಮಷಿನ್ನಿನ ಜೊತೆಗೆ ಅದರ ಹೊಟ್ಟೆಯೊಳಗೆ ಕೂತ ಒಂದು ಕಂಪ್ಯೂಟರ್ ಬುದ್ಧಿಯೂ ಬಂತು. ಥೈರಾಯ್ಡ್ ಅಂದರೆ ಗಂಟಲ ಮುಂದೆ ರೆಕ್ಕೆ ಬಿಚ್ಚಿ ಕೂತ ಚಿಟ್ಟೆಯಂಥ ಗ್ರಂಥಿ. ಅದರಲ್ಲಿ ಗಂಟೇನಾದರೂ ಇದ್ದರೆ ಈ ಬುದ್ಧಿ ತಾನೇ ಹುಡುಕಿ, ಸುತ್ತ ಹಸಿರು ಗೆರೆ ಎಳೆದು, ಉದ್ದಗಲ ಅಳೆದು, ಒಳಗೆ ನೀರೋ ಗಟ್ಟಿಯೋ, ಅಂಚು ನಯವೋ ಒರಟೋ, ಬಿಳಿ ಚುಕ್ಕೆ ಇವೆಯೋ ಇಲ್ಲವೋ ಎಂದೆಲ್ಲ ನೋಡಿ, ಕೊನೆಗೆ ಒಂದರಿಂದ ಐದರೊಳಗೆ ಒಂದು ಅಂಕಿ ಕೊಡುತ್ತದೆ. ಪರೀಕ್ಷೆಯ ಅಂಕಕ್ಕೆ ಇದು ತದ್ವಿರುದ್ಧ. ಒಂದು ಬಂದವರು ಮನೆಗೆ ಹೋಗಿ ಹೋಳಿಗೆ ತಿನ್ನಬಹುದು, ಐದು ಬಂದವರು ತಡಮಾಡುವ ಹಾಗಿಲ್ಲ.

ಮಷಿನ್ ಕೂರಿಸಿದ ದಿನ ಪೂಜೆ ಮಾಡಿದೆವು. ಕುಂಕುಮ ಹಚ್ಚಿದ್ದು ನಾನು, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟದ್ದು ನಸೀಮಾ. ಹುಬ್ಬಳ್ಳಿಯಿಂದ ಬಂದಿದ್ದ ಕಂಪನಿಯ ಇಂಜಿನಿಯರ್ ಹುಡುಗಿ ಪಕ್ಕದಲ್ಲೇ ನಿಂತು, “ಸರ್, ಸ್ಕ್ರೀನಿಗೆ ಮಾತ್ರ ಹಚ್ಚಬ್ಯಾಡ್ರಿ, ಕೈ ಮುಗಿತೀನಿ” ಎಂದು ಬೇಡಿಕೊಳ್ಳುತ್ತಿದ್ದಳು. ಮಂಗಳಾರತಿ ಆದಮೇಲೆ ಆಕೆ ಮಷಿನ್ ಹೇಗೆ ಕೆಲಸ ಮಾಡುತ್ತದೆಂದು ತೋರಿಸಬೇಕಿತ್ತು. ಅದಕ್ಕೆ ಒಂದು ಕುತ್ತಿಗೆ ಬೇಕಿತ್ತು. ಹೊರಗೆ ಕೂತವರೆಲ್ಲ ಹೊಟ್ಟೆಯ ಗಿರಾಕಿಗಳು. ಬಸುರಿಯರು, ಕಲ್ಲಿನವರು, ಊಟ ಬಿಟ್ಟು ಬಂದವರು. ಡಾಕ್ಟರಂತೂ ಸ್ಕ್ಯಾನಿನ ಕೋಲು ಹಿಡಿಯಬೇಕಾದವರು. ನಸೀಮಾ “ನಾನ್ ಹೊರಗೆ ಪೇಷಂಟ್ ಕರೀಬೇಕ್ರಿ” ಎಂದು ಬಾಗಿಲು ದಾಟಿದಳು. ಇಂಜಿನಿಯರ್ ಹುಡುಗಿ ಸುತ್ತ ನೋಡಿ, “ಯಾರಾದ್ರೂ ಒಬ್ರು ಬರ್ರಿ ಸರ್, ಎರಡ್ ನಿಮಿಷ” ಎಂದಳು. ಯಾರೂ ಅಲ್ಲಾಡಲಿಲ್ಲ. ಅಷ್ಟು ದೂರದಿಂದ ಬಂದ ಹುಡುಗಿ, ಹೀಗೆ ನಿಂತಿದ್ದಾಳೆ, ಮುಖ ಸಣ್ಣದಾಗುತ್ತಿದೆ. ನನ್ನ ಕೈ ತಾನಾಗಿಯೇ ಅಂಗಿಯ ಮೇಲಿನ ಗುಂಡಿಗೆ ಹೋಯಿತು. “ನಂದೈತಲ್ರಿ” ಎಂದೆ.

ಹೆಗಲ ಕೆಳಗೆ ದಿಂಬು ಕೊಟ್ಟು, ಗಲ್ಲ ಮೇಲೆತ್ತಿ ಮಲಗಿಸಿದರು. ತಣ್ಣನೆಯ ಜೆಲ್ ಹಚ್ಚಿದರು. ಹಾಗೆ ಮಲಗಿದವನಿಗೆ ಪರದೆ ಕಾಣುವುದಿಲ್ಲ. ಪರದೆ ನೋಡುವವರ ಮುಖ ಮಾತ್ರ ಕಾಣುತ್ತದೆ. ಮೊದಲು ಎಲ್ಲರೂ ನಗುತ್ತಿದ್ದರು. ಆಮೇಲೆ ಇಂಜಿನಿಯರ್ ಹುಡುಗಿಯ ನಗೆ ನಿಂತಿತು. ಡಾಕ್ಟರ ಹುಬ್ಬು ಗಂಟಾಯಿತು. ಅವರು ಕೈಯನ್ನು ಹಿಂದಕ್ಕೆ ತಂದು ಮತ್ತೆ ಅದೇ ಜಾಗದಲ್ಲಿ ಆಡಿಸಿದರು. “ಸಾಮಾನ್ಯ ಕುತ್ತಿಗೆ ಹೆಂಗೆ ಕಾಣ್ತೈತೆ ಅಂತ ತೋರ್ಸೋಣ ಅಂತಿದ್ವಿ...” ಎಂದು ಹುಡುಗಿ ಮಾತು ನುಂಗಿದಳು. ಹಸಿರು ಗೆರೆ ಬಿದ್ದಿತ್ತು. ಬಲಗಡೆ, ಕಡಲೆಕಾಳಿಗಿಂತ ದೊಡ್ಡದು, ನೆಲ್ಲಿಕಾಯಿಗಿಂತ ಸಣ್ಣದು. ಅಂಕಿ ನಾಲ್ಕು.

ಆಗ ನಾನು ಮಾಡಿದ್ದನ್ನು ನೆನೆದರೆ ಈಗಲೂ ನಗು ಬರುತ್ತದೆ. ಎದ್ದು ಕೂತು, ಕುತ್ತಿಗೆಯ ಜೆಲ್ ಒರೆಸಿಕೊಳ್ಳುತ್ತ, ಆ ಹುಡುಗಿಗೆ “ಸಾರಿ ಮೇಡಂ” ಎಂದೆ. ಶುಭಕಾರ್ಯಕ್ಕೆಂದು ಕೊಟ್ಟ ಕುತ್ತಿಗೆ ಹೀಗೆ ಮರ್ಯಾದೆ ಕಳೆಯಿತಲ್ಲ ಎಂಬ ನಾಚಿಕೆ ನನಗೆ. ಆಕೆಯೂ “ಸಾರಿ ಸರ್” ಎಂದಳು. ಡಾಕ್ಟರು “ಸಾರಿ ಗೀರಿ ಎಲ್ಲ ಯಾಕ? ಏನೂ ಇಲ್ಲ ಅದು” ಎಂದು ಇಬ್ಬರಿಗೂ ಗದರಿದರು. ಆಮೇಲೆ ಪೇಡೆ ಹಂಚಬೇಕಿತ್ತಲ್ಲ, ಅದು ನನ್ನ ಕೆಲಸ. ಹೊರಗೆ ಕೂತವರಿಗೆಲ್ಲ ನಾನೇ ಪೇಡೆ ಹಂಚಿದೆ. “ಏನು ಸರ್ ವಿಶೇಷ?” ಎಂದು ಕೇಳಿದವರಿಗೆ ಹೊಸ ಮಷಿನ್ ಬಂದಿದೆ, ಬಹಳ ಚಲೋ ನೋಡುತ್ತದೆ ಎಂದೆ.

ಡಾಕ್ಟರು ಸಂಜೆ ಕರೆದು ವಿಷಯ ಬಿಡಿಸಿ ಹೇಳಿದರು. ಅವರ ಲೆಕ್ಕದಲ್ಲಿ ನನ್ನ ಗಂಟು ಮೂರು. ಮೂರಾದರೆ, ಅಷ್ಟು ಸಣ್ಣದಕ್ಕೆ ಏನೂ ಮಾಡಬೇಕಾಗಿಲ್ಲ, ಒಂದು ವರ್ಷ ಬಿಟ್ಟು ನೋಡಿದರಾಯಿತು. ನಾಲ್ಕಾದರೆ, ಅದೇ ಗಾತ್ರಕ್ಕೆ ಸೂಜಿ ಚುಚ್ಚಿ ಒಳಗಿನದನ್ನು ತೆಗೆದು ಪರೀಕ್ಷೆಗೆ ಕಳಿಸಬೇಕು. ಕ್ಯಾನ್ಸರ್ ಹೌದೋ ಅಲ್ಲವೋ ಎಂದು ಹೇಳುವುದು ಆ ಪರೀಕ್ಷೆ. ಮೂರಕ್ಕೂ ನಾಲ್ಕಕ್ಕೂ ಜಗಳವಿದ್ದದ್ದು ಬಣ್ಣದಲ್ಲಿ. ಡಾಕ್ಟರಿಗೆ ಅದು ಸುತ್ತಲಿನ ಗ್ರಂಥಿಯಷ್ಟೇ ಬೂದು. ಮಷಿನ್ನಿಗೆ ಒಂದು ಕೂದಲೆಳೆ ಹೆಚ್ಚು ಕಪ್ಪು. ಸೀರೆ ಅಂಗಡಿಯಲ್ಲಿ ಹೆಂಡತಿ ಎರಡು ಒಂದೇ ತರಹದ ಬೂದು ಸೀರೆ ಹಿಡಿದು ‘ಇದು ಬ್ಯಾರೆ, ಇದು ಬ್ಯಾರೆ’ ಎನ್ನುವಾಗ ನಾನು ತಲೆಯಾಡಿಸುತ್ತೇನಲ್ಲ, ಆ ಅಂತರ. ಅಷ್ಟರ ಮೇಲೆ ನನ್ನ ಆಯುಸ್ಸು ನಿಂತಿತ್ತು. “ಮಷಿನ್ ಹೊಸಾದು, ಅದಕ್ಕೇನು ಗೊತ್ತು” ಎಂದರು ಡಾಕ್ಟರು. ನಾನು ಹೂಂ ಎಂದೆ. ಡಾಕ್ಟರ ಮಾತಿಗೆ ಇಲ್ಲ ಎನ್ನುವ ದಾಕ್ಷಿಣ್ಯಗೇಡಿ ನಾನಲ್ಲ.

ಅಂದಿನಿಂದ ನಮ್ಮ ಸೆಂಟರಿನಲ್ಲಿ ಡಾಕ್ಟರಿಗೂ ಮಷಿನ್ನಿಗೂ ಅತ್ತೆ-ಸೊಸೆಯ ಸಂಸಾರ ಶುರುವಾಯಿತು. ಕುತ್ತಿಗೆಯ ಪೇಷಂಟ್ ಬಂದರೆ ಸಾಕು, ನಾನು ಟೈಪಿಂಗ್ ಬಿಟ್ಟು ಬಾಗಿಲ ಸಂದಿನಲ್ಲಿ ಕಿವಿ ಇಡುತ್ತಿದ್ದೆ. ಯಾರು ಗೆದ್ದರು ಎಂಬುದರ ಮೇಲೆ ನನ್ನ ಮಧ್ಯಾಹ್ನದ ಊಟ ರುಚಿಸುತ್ತಿತ್ತು. ಒಂದು ದಿನ ಮಷಿನ್ನು ಒಬ್ಬರ ಎಡಗಡೆಯಲ್ಲಿ ಗಂಟಿದೆ ಎಂದು ಜಂಬದಿಂದ ಗೆರೆ ಎಳೆಯಿತು. ಡಾಕ್ಟರು ಪೇಷಂಟಿಗೆ ಉಗುಳು ನುಂಗಲು ಹೇಳಿದರು. ನುಂಗಿದ ಕೂಡಲೇ ಆ ‘ಗಂಟಿ’ನೊಳಗೆ ಉಗುಳು ಇಳಿದು ಹೋಯಿತು. ಅದು ಅನ್ನನಾಳ! ಡಾಕ್ಟರು ಗಹಗಹಿಸಿ, “ಹೋಗ್ಲಿ ಬಿಡು, ಅದಕ್ಕೆ ಊಟ ಗೊತ್ತಿಲ್ಲ, ಅನ್ನನಾಳ ಹೆಂಗೆ ಗೊತ್ತಾಗ್ಬೇಕು” ಎಂದರು. ಅಂದು ನಾನು ಮಿರ್ಚಿ ಕಚ್ಚಿಕೊಂಡು ಎರಡು ಪ್ಲೇಟ್ ಮಂಡಕ್ಕಿ ತಿಂದೆ. ಇಂಥ ಪೆದ್ದ ಮಷಿನ್ನಿನ ನಾಲ್ಕಕ್ಕೆ ನಾನೇಕೆ ಹೆದರಬೇಕು ಎಂದುಕೊಂಡೆ.

ಆದರೆ ಅದು ಗೆದ್ದ ದಿನಗಳೂ ಇದ್ದವು. ಒಬ್ಬ ಹೆಣ್ಣುಮಗಳು, ಹೊಲದ ಕೆಲಸದಿಂದ ನೇರವಾಗಿ ಬಂದವಳು, ದೊಡ್ಡ ಗಂಟಿಗೆ ಹೆದರಿ ಬಂದಿದ್ದಳು. ದೊಡ್ಡದು ನಿರುಪದ್ರವಿ ಎಂದು ಡಾಕ್ಟರು ಕೈ ತೆಗೆಯುವಷ್ಟರಲ್ಲಿ ಮಷಿನ್ನು ಅದರ ಹಿಂದೆ ಅಡಗಿದ್ದ ಇನ್ನೊಂದು ಸಣ್ಣದಕ್ಕೆ ಗೆರೆ ಎಳೆಯಿತು. ಬಿಳಿ ಚುಕ್ಕೆಗಳು, ಒರಟು ಅಂಚು. ಡಾಕ್ಟರು ಬಹಳ ಹೊತ್ತು ನೋಡಿದರು. “ಅದರ ಮಾತು ಖರೆ ಐತೆ” ಎಂದು ಮೆಲ್ಲಗೆ ಹೇಳಿ, ನನ್ನನ್ನು ಕರೆದು ರಿಪೋರ್ಟ್ ಬರೆಸಿದರು. ನನಗೆ ಊಟ ಸೇರಲಿಲ್ಲ ನಿಜ. ಆದರೆ ಆ ಮಷಿನ್ನಿನ ಮೇಲೆ ಗೌರವ ಹುಟ್ಟಿದ್ದು ಅಂದೇ. ಬಂದವಳ ಸೀರೆ ಮಣ್ಣಾಗಿತ್ತು, ಹೊರಗೆ ಇನ್ನೂ ಸಾಲಿತ್ತು, ಡಾಕ್ಟರಿಗೆ ಹಸಿವಾಗಿತ್ತು. ಇದಾವುದೂ ಅದಕ್ಕೆ ಗೊತ್ತಿಲ್ಲ. ಬೆಳಿಗ್ಗೆ ಕಾರಿನಲ್ಲಿ ಬಂದ ದೊಡ್ಡ ಮನುಷ್ಯರ ಕುತ್ತಿಗೆಯನ್ನು ಎಷ್ಟು ಶ್ರದ್ಧೆಯಿಂದ ನೋಡಿತ್ತೋ ಅಷ್ಟೇ ಶ್ರದ್ಧೆಯಿಂದ ಇವಳದನ್ನೂ ನೋಡಿತು. ನಮ್ಮಲ್ಲಿ ಎಷ್ಟು ಜನ ಹಾಗೆ ನೋಡುತ್ತೇವೆ?

ಇಷ್ಟರಲ್ಲಿ ಮನೆಯಲ್ಲಿ ಗುಟ್ಟು ರಟ್ಟಾಯಿತು. ನಾನು ಹೇಳಿರಲಿಲ್ಲ. ನಸೀಮಾ ಫೋನಿನಲ್ಲಿ ಶಾರದಾಗೆ ಉಪ್ಪಿನಕಾಯಿಯ ಹದ ಕೇಳುತ್ತ ಕೇಳುತ್ತ ನನ್ನ ಕುತ್ತಿಗೆಗೂ ಬಂದಿದ್ದಳು. “ಹುಬ್ಬಳ್ಳಿ ಹುಡುಗಿ ಕೇಳಿದ್ರೆ ಕುತ್ತಿಗಿ ಕೊಡ್ತೀರಿ, ಹೆಂಡ್ತಿಗೆ ಒಂದ್ ಮಾತು ಹೇಳಾಕ ಆಗಲ್ಲೇನು?” ಎಂದಳು ಶಾರದಾ. ಕಣ್ಣು ತುಂಬಿತ್ತು, ಆದರೆ ಅಡಿಗೆಮನೆಯ ಪಾತ್ರೆಗಳು ಮಾತ್ರ ಜೋರಾಗಿ ಸದ್ದು ಮಾಡುತ್ತಿದ್ದವು. ಆಮೇಲೆ ಸುದ್ದಿ ಅವಳ ತವರು ಭಾನುವಳ್ಳಿಗೆ ಹೊರಟಿತು. ಹರಿಹರದಲ್ಲಿ ಬಸ್ಸು ಹತ್ತುವಾಗ ನೆಲ್ಲಿಕಾಯಿಗಿಂತ ಸಣ್ಣದಿದ್ದ ಗಂಟು ಅಲ್ಲಿ ಇಳಿಯುವ ಹೊತ್ತಿಗೆ ಮೂಸಂಬಿಯಾಗಿತ್ತು. ನೋಡಲು ಬಂದ ನನ್ನ ಭಾಮೈದ ಅಂಥದ್ದೇನೂ ಕಾಣದೆ ಸ್ವಲ್ಪ ನಿರಾಶನಾದ. ಬಂದವರೆಲ್ಲ ಕುತ್ತಿಗೆ ಮುಟ್ಟಿ, “ನುಂಗ್ರಿ ನೋಡಾಣ” ಎಂದು ನನ್ನಿಂದ ನುಂಗಿಸಿ, “ಏನಾಗಲ್ಲ ಬಿಡ್ರಿ ಮಾವಾರೆ” ಎಂದು ಚಹಾ ಕುಡಿದು ಹೋದರು.

ಏನಾಗಲ್ಲ! ಆ ಮಾತು ಕೇಳುವವನ ಕಿವಿಗೆ ಹೇಗಿರುತ್ತದೆಂದು ನನಗೆ ಆಗ ತಿಳಿಯಿತು. ಅಷ್ಟು ವರ್ಷ ನಾನು ಅದನ್ನು ಪ್ರಸಾದದಂತೆ ಹಂಚಿದ್ದೆ. ನನಗೇ ಸಿಕ್ಕಾಗ ಅದರಿಂದ ಒಂದು ತುತ್ತು ಅನ್ನವೂ ಹೆಚ್ಚಿಗೆ ಇಳಿಯಲಿಲ್ಲ. ನನಗೆ ಭಯವಾಗಿತ್ತು. ಮಗಳ ಬಿ.ಎಡ್. ಇನ್ನೂ ಮುಗಿದಿರಲಿಲ್ಲ. ಶಾರದಾ ಬ್ಯಾಂಕಿಗೆ ಒಬ್ಬಳೇ ಹೋದವಳಲ್ಲ. ನಾನು ಇಲ್ಲದ ಮನೆಯನ್ನು ಬಸ್ಸಿನ ಕಿಟಕಿಯಲ್ಲಿ ಕೂತು ನೆನೆನೆನೆದು, ಪಕ್ಕದವರಿಗೆ ಕಾಣದಂತೆ ಮೂಗು ಒರೆಸಿಕೊಳ್ಳುತ್ತಿದ್ದೆ. ಯಾರಾದರೂ ಒಬ್ಬರು ‘ನೋಡಬೇಕಪ್ಪ, ಈಗಲೇ ಹೇಳಲಾಗದು’ ಎಂದಿದ್ದರೆ ಅವರ ಕೈ ಹಿಡಿದುಕೊಳ್ಳುತ್ತಿದ್ದೆ. ಹಾಗೆ ಹೇಳಿದ್ದು ಒಂದೇ ಒಂದು ಜೀವ. ಅದಕ್ಕೆ ಜೀವವೂ ಇರಲಿಲ್ಲ.

ಒಂದು ದಿನ ಪೇಷಂಟುಗಳೆಲ್ಲ ಹೋದಮೇಲೆ ಡಾಕ್ಟರು ಕರೆದರು. “ರಾಜಣ್ಣ, ಬಾ, ಮಲ್ಕೊ. ಇನ್ನೊಂದ್ಸಲ ನೋಡ್ತೀನಿ.” ಮಲಗಿದೆ. ಈ ಸಲ ಅವರು ಮಷಿನ್ನಿನ ಬುದ್ಧಿಯನ್ನು ಆರಿಸಿಟ್ಟು ಮೊದಲು ತಾವೇ ನೋಡಿದರು. ಆಮೇಲೆ ಅದನ್ನು ಹಾಕಿ ನೋಡಿದರು. ಮತ್ತೆ ನಾಲ್ಕು. ಕೋಲನ್ನು ಸ್ವಲ್ಪ ವಾರೆ ಮಾಡಿದರು, ನಾಲ್ಕು. ಒತ್ತಿದರು, ಸಡಿಲಿಸಿದರು, ನಾಲ್ಕು. ಅವರು ಕೋಲನ್ನು ಬದಿಗಿಟ್ಟು ಸ್ಟೂಲಿನ ಮೇಲೆ ಕೂತರು.

“ನಂಗೆ ಈಗ್ಲೂ ಮೂರೇ ಕಾಣ್ತೈತೆ ನೋಡು,” ಎಂದರು. “ಅದಕ್ಕೇ ನಂಗೆ ಅನುಮಾನ. ನಿನ್ನನ್ನ ಎಷ್ಟು ವರ್ಷದಿಂದ ನೋಡಕತ್ತೀನಿ. ನಿನಗೆ ಏನೂ ಇರಬಾರ್ದು ಅಂತ ನನ್ನ ಕಣ್ಣಿಗೆ ಆಸೆ. ನಾನು ನೋಡಿದ್ದು ನಿನ್ನ ಕುತ್ತಿಗೆ. ಅದು ನೋಡಿದ್ದು ಬರೇ ಕುತ್ತಿಗೆ. ಸೂಜಿ ಹಾಕಾಣ.”

ಮುಂಗೋಪಿ ಮನುಷ್ಯ, ಊರಿಗೇ ಕಣ್ಣು ಎನಿಸಿಕೊಂಡವರು, ನಿನ್ನೆ ಮೊನ್ನೆ ಬಂದ ಯಂತ್ರದ ಮುಂದೆ ತಮ್ಮ ಕಣ್ಣನ್ನು ತಾವೇ ಅನುಮಾನಿಸಿ ಕೂತಿದ್ದರು. ಮಷಿನ್ನನ್ನು ಹೊಗಳಬೇಕೋ ಅದರ ಮಾತು ಕೇಳಿದವರನ್ನು ಹೊಗಳಬೇಕೋ ನನಗೆ ತಿಳಿಯಲಿಲ್ಲ. ಅದನ್ನು ಮಾಡಿದವರು ಎಲ್ಲೋ ಕೂತು ಲೆಕ್ಕವಿಲ್ಲದಷ್ಟು ಕುತ್ತಿಗೆಗಳ ಚಿತ್ರ ತೋರಿಸಿ ಅದಕ್ಕೆ ಬೂದು ಬಣ್ಣ ಕಲಿಸಿದ್ದಾರಂತೆ. ಆ ಕುತ್ತಿಗೆಗಳವರು ಯಾರೋ ಏನೋ. ಅವರೆಲ್ಲರೂ ಸೇರಿ ಹರಿಹರದ ಒಬ್ಬ ಟೈಪಿಸ್ಟನ ಪರವಾಗಿ ಪಟ್ಟು ಹಿಡಿದು ನಿಂತಿದ್ದಾರೆ ಎನಿಸಿ ಮನಸ್ಸು ತುಂಬಿ ಬಂತು.

ಸೂಜಿ ಡಾಕ್ಟರೇ ಹಾಕಿದರು. ಮಾತಾಡಬೇಡ, ನುಂಗಬೇಡ ಎಂದರು. ನುಂಗಬೇಡ ಎಂದ ಕೂಡಲೇ ಬಾಯಲ್ಲಿ ಅಷ್ಟೊಂದು ನೀರು ಎಲ್ಲಿಂದ ಬರುತ್ತದೋ ಕಾಣೆ. ಕಾಲ ಬಳಿ ಶಾರದಾ ನಿಂತು ನನ್ನ ಹೆಬ್ಬೆರಳನ್ನು ಹಿಡಿದಿದ್ದಳು, ಎಳೆದರೆ ಎಲ್ಲಿ ಕಿತ್ತು ಬರುತ್ತದೋ ಎಂಬಷ್ಟು ಗಟ್ಟಿಯಾಗಿ. ಸೂಜಿ ಹೊರಗೆ ಬಂದದ್ದು ನನಗೆ ತಿಳಿಯಲಿಲ್ಲ, ಬೆರಳಿನ ನೋವು ಅಷ್ಟಿತ್ತು. ಆಮೇಲೆ ಕಾದೆವು. ಕಾಯುವುದರ ಬಗ್ಗೆ ಬರೆಯುವುದಿಲ್ಲ, ಕಾದವರಿಗೆ ಗೊತ್ತು. ಫಲಿತಾಂಶ ಬಂದಾಗ ಡಾಕ್ಟರು ಕೋಣೆಯಿಂದ ಓಡಿ ಬಂದರು. ಅವರು ಓಡಿದ್ದನ್ನು ನಾನು ನೋಡಿದ್ದು ಅದೇ ಮೊದಲು. “ಏನೂ ಇಲ್ಲೋ ಮಾರಾಯ! ಸಾದಾ ಗಂಟು! ಕ್ಯಾನ್ಸರ್ ಅಲ್ಲ!” ಎಂದು ಎಲ್ಲರ ಮುಂದೆ ಕೂಗಿದರು. ನಸೀಮಾ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಕೌಂಟರಿನ ಮುಂದಿದ್ದ ಪರಿಚಯವಿಲ್ಲದವರೂ ನನ್ನ ಕೈ ಕುಲುಕಿದರು. ನಾನು ಕುರ್ಚಿಯಲ್ಲಿ ಕೂತು ಅತ್ತೆ, ಮುಚ್ಚುಮರೆ ಏನೂ ಇಲ್ಲದೆ.

ಮನೆಯಲ್ಲಿ ಅಂದು ಪಾಯಸ. ಉಣ್ಣುತ್ತ ನಾನು ಮಷಿನ್ನಿನ ಗುಣಗಾನ ಮಾಡಿದೆ. “ಡಾಕ್ಟರ್ ಹೇಳಿದ್ದೇ ನಿಜ ಆತಲ್ಲ, ಮತ್ತೆ ಮಷಿನ್ ಯಾಕ ಹೊಗಳ್ತೀರಿ?” ಎಂದಳು ಶಾರದಾ. ನಾನು ಭಾಷಣವನ್ನೇ ಮಾಡಿದೆ. ಮೊದಲಿನ ‘ಏನೂ ಇಲ್ಲ’ ಬರೀ ಆಸೆ, ಈಗಿನ ‘ಏನೂ ಇಲ್ಲ’ ನೋಡಿ ತಿಳಿದದ್ದು. ಅದು ಹಟ ಹಿಡಿಯದಿದ್ದರೆ ನಾವು ನೋಡುತ್ತಿರಲೇ ಇಲ್ಲ. ನೋಡುವುದೆಂದರೆ ಹಾಗೆ ನೋಡಬೇಕು, ದಾಕ್ಷಿಣ್ಯವಿಲ್ಲದೆ, ಎದುರಿಗಿದ್ದದ್ದನ್ನು ಇದ್ದ ಹಾಗೆ. ಶಾರದಾ ಪೂರ್ತಿ ಕೇಳಿದಳು. ಇನ್ನೊಂದು ಸೌಟು ಪಾಯಸ ಬಡಿಸಿದಳು. ಆಮೇಲೆ, “ಹಂಗಾದ್ರೆ ಒಂದ್ಸಲ ನನ್ನ ಕುತ್ತಿಗೀನೂ ಅದಕ್ಕೆ ತೋರ್ಸ್ರಿ” ಎಂದಳು.

“ಯಾಕ?”

“ಇಲ್ಲೊಂದು ಐತೆ. ಯುಗಾದಿ ಹೊತ್ತಿಗೇ ತಾಳಿಸರ ಸರಿ ಮಾಡ್ಕಳುವಾಗ ಕೈಗೆ ಸಿಕ್ತು. ನೀವು ದಿನಾ ಅಂಥವ್ರನ್ನೇ ನೋಡಿ ಸುಸ್ತಾಗಿ ಬರ್ತೀರಿ, ಮನ್ಯಾಗೂ ಅದೇ ಯಾಕ ಅಂತ ಬಿಟ್ಟೆ. ಆಮ್ಯಾಲೆ ನಿಮ್ದೇ ಶುರು ಆತು.”

ತಟ್ಟೆಯ ಪಾಯಸ ಹಾಗೇ ಉಳಿಯಿತು. ನಾನು ದೀಪದ ಕೆಳಗೆ ಅವಳನ್ನು ನಿಲ್ಲಿಸಿ ನೋಡಿದೆ. ಹುಡುಕಬೇಕಾಗಿಯೇ ಇರಲಿಲ್ಲ. ಅವಳು ನೀರು ಕುಡಿದರೆ ನಾಲ್ಕು ಹೆಜ್ಜೆ ದೂರದಿಂದ ಕಾಣುತ್ತಿತ್ತು. ಇಷ್ಟು ದಿನ ಅವಳು ನನ್ನ ಎದುರಿಗೇ ಕೂತು ನೀರು ಕುಡಿದಿದ್ದಳು.

ಮರುದಿನ ಮೊದಲ ಬಸ್ಸಿಗೇ ಕರೆದುಕೊಂಡು ಹೋದೆ. ಡಾಕ್ಟರು ಕೋಲು ಇಟ್ಟರು, ಹಸಿರು ಗೆರೆ ಬಿತ್ತು, ಅಂಕಿ ಬಂತು. ಎರಡು. “ನಂದೂ ಎರಡೇ,” ಎಂದರು ಡಾಕ್ಟರು, “ಇದಕ್ಕೆ ಸೂಜಿ ಬೇಕಾಗಿಲ್ಲ. ನೀರೇ ಹೆಚ್ಚು, ಹೆದರೋದು ಬ್ಯಾಡ. ವರ್ಷಕ್ಕೊಮ್ಮೆ ಬಾರಮ್ಮ.” ಡಾಕ್ಟರೂ ಮಷಿನ್ನೂ ಜಗಳವಿಲ್ಲದೆ ಒಪ್ಪಿದ್ದನ್ನು ನೋಡಿ ನನಗೆ ದೇವಸ್ಥಾನದಲ್ಲಿ ಬಲಗಡೆ ಹೂ ಬಿದ್ದಷ್ಟು ಸಮಾಧಾನವಾಯಿತು. ಹೊರಗೆ ಬಂದು ರಿಪೋರ್ಟ್ ಟೈಪ್ ಮಾಡಲು ಕೂತೆ. ಹೆಸರು ಹಾಕಿದೆ. ವಯಸ್ಸಿನ ಜಾಗ ಖಾಲಿಯಿತ್ತು. “ಅಕ್ಕಾರ ವಯಸ್ಸು ನಾನ್ ಹೆಂಗೆ ಕೇಳ್ಲಿ, ನೀವೇ ಹಾಕ್ಕಳ್ರಿ” ಎಂದು ನಸೀಮಾ ಬಿಟ್ಟಿದ್ದಳು.

ನನ್ನ ಬೆರಳು ಕೀಲಿಗಳ ಮೇಲೆ ನಿಂತೇಬಿಟ್ಟಿತು. ಮದುವೆಯಾದ ವರ್ಷದಿಂದ ಕೂಡಿಸಿದೆ, ಮಗಳ ವಯಸ್ಸಿನಿಂದ ಕೂಡಿಸಿದೆ, ಎರಡೂ ತಾಳೆಯಾಗಲಿಲ್ಲ. ಶಾರದಾ ಕೌಂಟರಿನ ಆಚೆ ಕುತ್ತಿಗೆಯ ಜೆಲ್ ಒರೆಸಿಕೊಳ್ಳುತ್ತ ನನ್ನನ್ನೇ ನೋಡುತ್ತಿದ್ದಳು. ಸುತ್ತ ಜನ. ಕೇಳುವುದು ಹೇಗೆ? ಒಂದು ಅಂದಾಜಿನ ಅಂಕಿ, ಎರಡು ವರ್ಷ ಕಡಿಮೆಯೇ ಇರಲಿ ಎಂದು, ಹಾಕಲು ಹೊರಟೆ.

“ದಾಕ್ಷಿಣ್ಯ ಬ್ಯಾಡ್ರಿ,” ಎಂದಳು ಶಾರದಾ, “ಗೊತ್ತಿಲ್ಲ ಅಂತ್ಲೇ ಟೈಪ್ ಮಾಡ್ರಿ.”